ಪ್ರಯೋಗದ ಕೊಳದಲ್ಲಿ ಅರಿಶಿನ

ನಾರ್ವೆ, ೧೪-೧೦-೯೬

ಗಂಜಾಂನ ಅಕ್ಕನಿಗೆ ಕಿಟ್ಟಿಯ ನಮಸ್ಕಾರ.

ಮುಳುಗದ ಹರಿಗೋಲು ಕಂಡುಹಿಡಿಯಲು ಎರಡು ದೇಶಗಳು ಸೇರಿ ಕರೆಸಿದ ಮಹಾಪಂಡಿತರು, ಅಂದರೆ ನಿನ್ನ ಯಜಮಾನರು, ನಿನ್ನೆ ಪ್ರಯೋಗದ ಕೊಳಕ್ಕೆ ಹರಿಗೋಲು ಇಳಿಸುವ ಮುನ್ನ, ನಮ್ಮೂರ ವಾಡಿಕೆಯಂತೆ, ನೀರಿಗೆ ಒಂದು ಪೊಟ್ಟಣ ಅರಿಶಿನ ಸುರಿದು ಕೈಮುಗಿದರು. ನೀರೊಳಗಿನ ಕ್ಯಾಮೆರಾಗಳೆಲ್ಲ ಕುರುಡಾದವು. ಇಲ್ಲಿಯ ದೊರೆಗಳು ಬೈಯಲಿಲ್ಲ; ಕೊಳವನ್ನೇ ಬರಿದು ಮಾಡಿಸಿ, ನಮಗೆ ವಾಪಸು ಟಿಕೆಟ್ಟು ಕೊಟ್ಟರು.

“ಅಷ್ಟೂ ನೀರ ಚರಂಡಿಗೆ ಬುಟ್ಬುಟ್ರಲ್ಲೋ ಕಿಟ್ಟಿ, ನನ್ ದೆಸೆಯಿಂದ” ಎಂದು ಭಾವ ಕೊರಗುತ್ತಿದ್ದಾರೆ. “ಬುಡು ಭಾವ, ಕಾವೇರಿ ಏನ್ ಬತ್ತೋಗಿಲ್ಲ” ಎಂದರೂ ಊಟ ಮುಟ್ಟುತ್ತಿಲ್ಲ. ನನಗೆ ಬರೀ ಶೀತ.

ಇಪ್ಪತ್ತೆಂಟಕ್ಕೆ ಬರುತ್ತೇವೆ. ಹೊಸ ಹರಿಗೋಲಿಗೆ ಕಾದಿರುವ ಅಂಬಿಗರಿಗೆಲ್ಲ ಅಷ್ಟರೊಳಗೆ ನೀನೇ ಹೇಳಿಬಿಡು. ಹಾರ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದಾರು. ಹಾರ ಕಂಡರೆ ಭಾವ ಬಸ್ಸಿಂದ ಇಳಿಯುವುದಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಕಿಟ್ಟಿ