ಗರಗದ ಸೊಪ್ಪಿನ ಎಣ್ಣೆ

ಸಾತನೂರು
23-11-2007, ಶುಕ್ರವಾರ ಮಧ್ಯಾಹ್ನ

ನನ್ನ ಬಂಗಾರ ಶ್ವೇತಾ,

ಎಣ್ಣೆ ಹಚ್ಚಬೇಡ. ಹಚ್ಚಿದ್ದರೆ ಈ ಕಾಗದ ಕೆಳಗಿಟ್ಟು ಮೊದಲು ತಲೆ ತೊಳೆದುಕೊಂಡು ಬಾ, ಆಮೇಲೆ ಓದು.

ನಿನ್ನ ಹಾಸ್ಟೆಲ್ಲಿಗೆ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ಎತ್ತೋಕೆ ಒಬ್ಬರಿಗೂ ಕೈಯಿಲ್ಲವಾ ಅಲ್ಲಿ? ಅದಕ್ಕೇ ರೇಷ್ಮೆಗೂಡಿನ ಟೆಂಪೋ ಓಡಿಸುವ ಶರೀಫ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಇಳಿಸಿ ಬಿಡದಿಗೆ ಬರುತ್ತಾನೆ.

ಆಗಿದ್ದು ಹೇಳುತ್ತೇನೆ, ಬೈಯಬೇಡ. ಫ್ಯಾಕ್ಟರಿಗೆ ಸೇರಿದ ಮೇಲೆ ಕೂದಲು ಹಿಡಿಹಿಡಿಯಾಗಿ ಬರುತ್ತಿದೆ ಅಂದೆಯಲ್ಲ, ಅಂದಿನಿಂದ ನನಗೆ ಒಂದೇ ಸಂಕಟ. ಭಾನುವಾರ ಗಂಡಿನ ಕಡೆಯವರು ಬೇರೆ ನೋಡಲು ಬರುತ್ತಾರೆ. ಬುಧವಾರ ಗರಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ನಿನ್ನೆ ಕಳಿಸಿದೆ. ಗರಗ ಕಿತ್ತಿದ್ದು ಪಕ್ಕದ ಬಾಲರಾಜುವಿನ ಹಿಪ್ಪುನೇರಳೆ ತೋಟದಲ್ಲಿ. ರೇಷ್ಮೆಹುಳಕ್ಕೆ ಹಾಕುವ ಸೊಪ್ಪಿಗೆ ಯಾರಾದರೂ ವಿಷ ಹೊಡೆಯುತ್ತಾರಾ? ಆ ಧೈರ್ಯದಲ್ಲೇ ಒಂದು ನೀರು ಜಾಲಿಸಿ ಅರೆದೆ. ನಮ್ಮ ಹುಳಕ್ಕೂ ಅಲ್ಲಿಂದಲೇ ಸೊಪ್ಪು ತಂದೆ.

ಈ ಬೆಳಿಗ್ಗೆ ನೋಡಿದರೆ ತಟ್ಟೆ ತಟ್ಟೆಯೇ ಹುಳ ಹಸಿರು ಕಕ್ಕಿ ಸತ್ತು ಬಿದ್ದಿದೆ. ಬಾಲರಾಜು ಮನೆಗೆ ಓಡಿದೆ. ತಲೆ ಕೆರೆದುಕೊಂಡು, "ತೋಟ ಫ್ಯಾಕ್ಟ್ರಿಯೋರ್ಗೆ ಕೊಟ್ಟಾಯ್ತಲ್ಲಕ್ಕ. ಮಂಗಳ್ವಾರ್ವೇ ಹುಲ್ಲು ಸುಡೋ ಔಷ್ದಿ ಹೊಡ್ಸವ್ರೆ. ನಿಂಗೆ ಹೇಳಾದ್ನೇ ಮರ್ತ್ಬುಟ್ಟೆ" ಅಂದ. ಅವನ ಬಾಯಿಗೆ ಮಣ್ಣು ಹಾಕ! ಕೀಳುವಾಗ ಸೊಪ್ಪು ಹಸಿರಾಗೇ ಇತ್ತು ಕಣೇ. ಇವತ್ತು ತೋಟವೆಲ್ಲ ಹಳದಿ ತಿರುಗಿದೆ.

ಹುಳ ಹೋದರೆ ಇನ್ನೊಂದು ಬೆಳೆ ಇಡಬಹುದು. ನಿನ್ನ ತಲೆಗೆ, ಕಣ್ಣಿಗೆ ಏನಾದರೂ ಆದರೆ ನಾನು ಬದುಕುವುದು ಹೇಗೆ? ನಾಳೆ ಸಂಜೆ ಹಚ್ಚಿಕೋ ಅಂದಿದ್ದೆ. ನೀನೋ ಆತುರಗಾತಿ, ಬಾಟಲಿ ಸಿಕ್ಕ ತಕ್ಷಣ ಸುರಿದುಕೊಂಡಿರುತ್ತೀಯ ಅಂತಲೇ ನನ್ನ ಭಯ. ಬರುವವರು ಇರುವ ಜಡೆಯನ್ನೇ ನೋಡಲಿ. ಒಪ್ಪಿದರೆ ಒಪ್ಪಲಿ, ಇಲ್ಲವಾದರೆ ಕಾಫಿ ಕುಡಿದು ಎದ್ದು ಹೋಗಲಿ.

ಬಾಟಲಿಯನ್ನು ಶರೀಫ್ ಕೈಗೆ ಕೊಟ್ಟುಬಿಡು. ಅವನು ನಿನ್ನನ್ನು ಕಣ್ಣಾರೆ ನೋಡಿ ಬಂದು ಹೇಳುವವರೆಗೂ ನಾನು ಬಾಗಿಲಲ್ಲೇ ಕೂತಿರುತ್ತೇನೆ.

ನಿನ್ನ ಅಮ್ಮ,
ಸರಸಮ್ಮ

ಬರೆಯಬಾರದು ಅಂದುಕೊಂಡಿದ್ದೆ: ಭಾನುವಾರ ಬಂದಾಗ ನನ್ನ ತಲೆಯ ಮೇಲಿನ ಸೆರಗು ಎಳೆಯಬೇಡ. ಫೋನ್ ಯಾರೂ ಎತ್ತಲಿಲ್ಲ. ನೀನು ಹಚ್ಚಿಕೊಂಡಿದ್ದರೆ ಏನಾಗಿರಬಹುದೋ ತಿಳಿಯದೆ ತಡೆಯಲಾಗಲಿಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ನಾನೇ ತಿಕ್ಕಿಕೊಂಡೆ. ತಲೆಯೆಲ್ಲ ಉರಿ ಹತ್ತಿಕೊಂಡ ಮೇಲೇ ಕಾಗದ ಬರೆಯಲು ಕೂತಿದ್ದು. ನಿಮ್ಮಪ್ಪ, ನಾನು ಹುಳ ಹೋಯಿತು ಅಂತ ಅಳುತ್ತಿದ್ದೇನೆ ಅಂದುಕೊಂಡಿದ್ದಾರೆ.