ಪಕ್ಕದ ಕುರ್ಚಿಯವನಿಗೆ

ಗೆಳೆಯಾ,

ಇವತ್ತು ಮಗಳು ನನ್ನನ್ನು ಪಿಂಚಣಿ ಕಚೇರಿಗೆ ಎಳೆದುಕೊಂಡು ಹೋದಳು. ನಾವು ಜೊತೆಗಿದ್ದಾಗ ಆ ಕಚೇರಿಯವರು ನಮ್ಮ ಕ್ಷೌರದಂಗಡಿಗೆ ಬಂದು, ಸ್ವಂತ ದುಡಿಮೆಯವರೂ ಇಷ್ಟವಿದ್ದರೆ ಕಟ್ಟಬಹುದು ಎಂದಿದ್ದರಲ್ಲ, ಅದೇ ಸರ್ಕಾರಿ ಪಿಂಚಣಿ. "ಅಲ್ಲೀವರೆಗೆ ಬದುಕಿರೋರು ಯಾರು, ಬಿಡೋ" ಎಂದು ನಾನು ನಕ್ಕಿದ್ದೆ. ಕಟ್ಟಲು ಹೊರಟಿದ್ದ ನೀನು ನನ್ನ ಮಾತು ಕೇಳಿ ಕೈಬಿಟ್ಟೆ.

"ಅರವತ್ತು ತುಂಬೋದ್ರೊಳಗೆ ಹಿಂದಿನ ವರ್ಷಗಳದ್ದೂ ಸೇರಿಸಿ ಕಟ್ಟಬಹುದು ಯಜಮಾನ್ರೇ, ಆಮೇಲೆ ಆಗಲ್ಲ" ಎಂದಳು ಕೌಂಟರಿನ ಹೆಂಗಸು.

ನಿನಗೆ ಹೋದ ವರ್ಷವೇ ಅರವತ್ತು ತುಂಬಿತು.

"ಕಟ್ತೀನಮ್ಮ" ಎಂದುಬಿಟ್ಟೆ.

ಬರುವಾಗ ನಿನ್ನ ಅಂಗಡಿಯ ಗಾಜಿನಲ್ಲಿ ಇಣುಕಿದೆ. ನೀನು ಮಂಡಿಗೆ ಪಟ್ಟಿ ಸುತ್ತಿಕೊಂಡು, ಒಂದೇ ಕಾಲಿನ ಮೇಲೆ ಭಾರ ಹಾಕಿ ಯಾರದೋ ಗಡ್ಡ ಹೆರೆಯುತ್ತಿದ್ದೆ. ಅಂಗಡಿ ಬೇರೆಯಾದರೂ ನನ್ನ ತಲೆಗೆ ನೀನು, ನಿನ್ನ ತಲೆಗೆ ನಾನು ಎಂಬುದು ಈವರೆಗೂ ತಪ್ಪಿರಲಿಲ್ಲ. ನನ್ನ ತಲೆಯೋ ಕಾಡಾಗಿತ್ತು. ಆದರೂ ಒಳಗೆ ಬರಲಿಲ್ಲ. ಬಂದಿದ್ದರೆ ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ "ಎಲ್ಲಿಗೆ ಹೋಗಿತ್ತೋ ಸವಾರಿ?" ಎಂದು ನೀನು ಕೇಳುತ್ತಿದ್ದೆ. ಎದುರಿಗೆ ಕನ್ನಡಿ ಬೇರೆ.

ಮುಂದಿನ ಬೀದಿಯಲ್ಲಿ ಯಾರೋ ಗುರುತಿಲ್ಲದವನ ಕೈಗೆ ತಲೆ ಕೊಟ್ಟು ಬಂದೆ. ಈಗ ನಿನ್ನೆದುರು ಬರುವ ಹಾಗೂ ಇಲ್ಲ. ಬೇರೆಯವರ ಕತ್ತರಿ ಎಂದು ನಿನಗೆ ದೂರದಿಂದಲೇ ಗೊತ್ತಾಗಿಬಿಡುತ್ತದೆ.