ರೇಡಿಯೋಗೆ ತರಬಾರದ ಹೆಸರು

ನವೆಂಬರ್ 3, ಮಂಗಳವಾರ. ಲಂಡನ್

ಬೆಳಗಿನ ರೇಡಿಯೋ ಕಾರ್ಯಕ್ರಮ ಮುಗಿಯಿತು. ಇಷ್ಟು ವರ್ಷದಿಂದ ಅದೇ ಶುರು — ಶುಭೋದಯ, ನಾನು ಜಾಸ್ಪರ್ ವೇಲ್. ಅಪ್ಪನ ಬಿರುದು ಲಾರ್ಡ್ ಥಾರ್ನ್ಸೇ ಒಮ್ಮೆಯೂ ಬಾಯಿಗೆ ಬಂದಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅಪ್ಪನ ಕಟ್ಟಪ್ಪಣೆಯಾಗಿತ್ತು: "ಹೊಟ್ಟೆಪಾಡಿಗೆ ಏನಾದ್ರೂ ಮಾಡ್ಕೋ. ಥಾರ್ನ್ಸೇ ಹೆಸರನ್ನ ಮಾತ್ರ ಆ ಡಬ್ಬದೊಳಗೆ ತುರುಕಬೇಡ."

ಅಪ್ಪ ನನ್ನ ಕಾರ್ಯಕ್ರಮ ಒಂದು ದಿನವೂ ಕೇಳಿದವರಲ್ಲ. ಆ ಮನೆಯಲ್ಲಿ ರೇಡಿಯೋ ಇರುವುದು ಅಡುಗೆಮನೆಯಲ್ಲಿ, ಮನೆ ನೋಡಿಕೊಳ್ಳುವ ಮಿಸೆಸ್ ಟ್ಯಾನ್ಸ್ಲಿ ಹತ್ತಿರ.

ನವೆಂಬರ್ 8, ಭಾನುವಾರ. ಥಾರ್ನ್ಸೇ, ಅಪ್ಪನ ಮನೆ

ಅಪ್ಪ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಗುರುತೂ ಹತ್ತುವುದಿಲ್ಲ. ನನ್ನನ್ನು ಡಾಕ್ಟರ್ ಅಂದುಕೊಂಡು ಕೈ ಚಾಚಿದರು. ನಾಡಿ ನೋಡಿದೆ. ಎಷ್ಟು ವರ್ಷವಾಗಿತ್ತೋ ಆ ಕೈ ಹಿಡಿದು...

ಅಪ್ಪ ಕಣ್ಣು ಮುಚ್ಚುವ ಮುಂಚೆ ನನ್ನ ಕೆಲಸದ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು. ಈ ವಯಸ್ಸಿಗೆ ಇದೆಂಥ ಆಸೆ. ಆದರೂ ಇದೆ.

ಹೊರಡುವಾಗ ಮಿಸೆಸ್ ಟ್ಯಾನ್ಸ್ಲಿ ಶಾರ್ಟ್‌ಬ್ರೆಡ್ ಬಿಸ್ಕತ್ತು ಕಟ್ಟಿಕೊಟ್ಟರು. "ಮಿಸ್ಟರ್ ಜಾಸ್ಪರ್, ಲಂಡನ್ನಲ್ಲಿ ಗಾಳಿ ತಿಂದು ಬದುಕ್ತೀರಾ?" ಅಪ್ಪ ಇರುವವರೆಗೆ ಅವರಿಗೆ ನಾನು ಮಿಸ್ಟರ್ ಜಾಸ್ಪರ್. ಮೈ ಲಾರ್ಡ್ ಅಂದರೆ ಅಪ್ಪ ಒಬ್ಬರೇ; ಆ ಬಿರುದು ನನಗೆ ಬರುವುದು ಅವರು ಹೋದ ಮೇಲೆ.

ನವೆಂಬರ್ 12, ಗುರುವಾರ. ಬೆಳಿಗ್ಗೆ

ಸ್ಟುಡಿಯೋದಿಂದ ಹೊರಗೆ ಬಂದೆ. ಫೋನ್ — ಮಿಸೆಸ್ ಟ್ಯಾನ್ಸ್ಲಿ.

"ಮೈ ಲಾರ್ಡ್..." ಅಂದರು.

ಮುಂದೆ ಏನೂ ಹೇಳಬೇಕಾಗಲಿಲ್ಲ.

ನವೆಂಬರ್ 20, ಶುಕ್ರವಾರ. ಥಾರ್ನ್ಸೇ

ಅಪ್ಪನನ್ನು ಮಣ್ಣು ಮಾಡಿ ಬಂದೆವು. ಬಂದವರೆಲ್ಲ ಥಾರ್ನ್ಸೇ, ಥಾರ್ನ್ಸೇ ಎಂದು ನನ್ನ ಕೈ ಕುಲುಕಿದರು. ಪ್ರತಿ ಸಲವೂ ಅಪ್ಪ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡುವ ಹಾಗಾಯಿತು.

ಎಲ್ಲರೂ ಹೋದ ಮೇಲೆ ಮಿಸೆಸ್ ಟ್ಯಾನ್ಸ್ಲಿ ಟೀ ಬಗ್ಗಿಸುತ್ತಾ ಹೇಳಿದರು. ಕೊನೆಯ ದಿನ ಬೆಳಿಗ್ಗೆ, ಜೊತೆಗೊಂದು ಸದ್ದಿರಲಿ ಎಂದು, ರೇಡಿಯೋವನ್ನು ಅಪ್ಪನ ಕೋಣೆಗೆ ಒಯ್ದಿದ್ದರಂತೆ.

"ಯಾರಿದು ಅಂದ್ರು. ಒಳ್ಳೆ ದನಿ, ಆರಿಸ್ಬೇಡ ಅಂದ್ರು. ನಿಮ್ಮ ಮಗನೇ ಅಂದೆ. ನಕ್ಕುಬಿಟ್ರು. ಅವನಿಗೆಲ್ಲಿ ಬರ್ಬೇಕು ಇಷ್ಟು ಚೆನ್ನಾಗಿ ಮಾತಾಡೋಕೆ, ಅಂದ್ರು."

ಆಸೆಪಟ್ಟ ಮಾತು ಅಪ್ಪನ ಬಾಯಿಂದ ಬಂದಿದೆ, ಯಾರೋ ಅಪರಿಚಿತನಿಗೆ. ಅಡುಗೆಮನೆಯಲ್ಲೇ ಕೂತು ಅತ್ತೆ.

ನವೆಂಬರ್ 23, ಸೋಮವಾರ. ಸ್ಟುಡಿಯೋ

ಪ್ರೊಡ್ಯೂಸರ್ ಗ್ವೆಂಡಾ ಸ್ಕ್ರಿಪ್ಟಿನ ಮೊದಲ ಸಾಲು ಬದಲಿಸಿದ್ದಾಳೆ. ನಾನು ಲಾರ್ಡ್ ಥಾರ್ನ್ಸೇ, ಎಂದು. ಕೇಳುಗರು ಖುಷಿಪಡುತ್ತಾರಂತೆ. ಬೇಡ ಅನ್ನುವವರು ಈಗ ಯಾರೂ ಇಲ್ಲ. ಆದರೂ ಅಪ್ಪನ ಅಪ್ಪಣೆ. ಹೊಡೆದು ಹಾಕಿದೆ.

ಮೇಲೆ ಜಾಸ್ಪರ್ ವೇಲ್ ಎಂದು ಬರೆದೆ. ಈ ದನಿ ಅವನದು ಎಂದರೆ ಅಪ್ಪ ನಂಬಲಿಲ್ಲ. ಅದನ್ನೂ ಹೊಡೆದೆ. ಗಾಜಿನಾಚೆ ಗ್ವೆಂಡಾ ಶುರು ಮಾಡು ಎಂದು ಕೈ ಎತ್ತಿದ್ದಾಳೆ. ಶುಭೋದಯ, ನಾನು —